ಉದ್ದ ಕಿವಿಯ ನಾಯಿಗೆ ಕಿರಿಬಾಯಿಯ ಬಟ್ಟಲು: ಪಾತ್ರೆ ಅಂಗಡಿಯವನ ವಿಮರ್ಶೆ

ಶಿವಮೊಗ್ಗದಲ್ಲಿ ನನ್ನದು ಪಾತ್ರೆ ಅಂಗಡಿ. ಯಾವ ಪಾತ್ರೆ ಕಂಡರೂ ಮೊದಲು ಅಂಚಿನ ಮೇಲೆ ಬೆರಳಾಡಿಸಿ, ಆಮೇಲೆ ಬುಡ ತಿರುಗಿಸಿ ನೋಡುವುದು ನನ್ನ ಚಟ. ಹಾಗಾಗಿ ಮಗಳು ಆನ್‌ಲೈನ್‌ನಲ್ಲಿ ₹650 ಕೊಟ್ಟು ನಾಯಿಗೊಂದು ಸ್ಟೀಲ್ ಬಟ್ಟಲು ತರಿಸಿದಾಗ ಪೆಟ್ಟಿಗೆ ಬಿಚ್ಚಿದವನೂ ನಾನೇ, ಗೊಣಗಿದವನೂ ನಾನೇ. ಪಾತ್ರೆ ವ್ಯಾಪಾರಿಯ ಮನೆಗೆ ಹೊರಗಿನಿಂದ ಪಾತ್ರೆ! ಆದರೆ ಅಂಥದ್ದೊಂದು ನನ್ನ ಅಂಗಡಿಯಲ್ಲಿ ಇರಲಿಲ್ಲ ಎಂಬುದೂ ನಿಜ. ಬೇಸಿಗೆಯಲ್ಲಿ ಬಂದ ಬಟ್ಟಲನ್ನು ಮಳೆಗಾಲ ಪೂರ್ತಿ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ಆಕಾರದ ಬಟ್ಟಲನ್ನು ಹಲವರು ಮಾರುತ್ತಾರೆ. ಇದರ ಗುಣದೋಷಗಳು ಬಹುಮಟ್ಟಿಗೆ ಆಕಾರಕ್ಕೇ ಸೇರಿದವು.

ಇದಕ್ಕೆ ಮಾರುಕಟ್ಟೆಯಲ್ಲಿ ಸ್ಪ್ಯಾನಿಯೆಲ್ ಬೌಲ್ ಎಂದು ಹೆಸರು. ನನ್ನ ಟೇಪಿನ ಲೆಕ್ಕದಲ್ಲಿ ಬುಡ 20 ಸೆಂ.ಮೀ., ಬಾಯಿ 12 ಸೆಂ.ಮೀ., ಎತ್ತರ 10 ಸೆಂ.ಮೀ. ಗೋಡೆ ಬುಡದಿಂದ ಮೇಲೆ ಏರುತ್ತ ಒಳಕ್ಕೆ ವಾಲುತ್ತದೆ. ನಮ್ಮ ಮನೆಗಳ ಊಟದ ಪಾತ್ರೆಗಳೆಲ್ಲ ಇದಕ್ಕೆ ತದ್ವಿರುದ್ಧ. ಗಂಗಾಳ, ಬೋಗುಣಿ, ಬಟ್ಟಲು ಎಲ್ಲಕ್ಕೂ ಬಾಯಿ ಅಗಲ, ಬುಡ ಕಿರಿದು. ಉಣ್ಣುವವನ ಕೈ ಸಲೀಸಾಗಿ ಹೋಗಿಬರಬೇಕಲ್ಲ. ಕೈಯಿಲ್ಲದೆ ಮೂತಿಯಿಂದಲೇ ಉಣ್ಣುವ, ಮೂತಿಯ ಎರಡೂ ಕಡೆ ಗೇಣುದ್ದದ ಕಿವಿ ಇಳಿಬಿಟ್ಟುಕೊಂಡ ಪ್ರಾಣಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಮೂತಿ ಮಾತ್ರ ಒಳಗೆ ಹೋಗಬೇಕು, ಕಿವಿ ಹೊರಗಿನ ಇಳಿಜಾರಿನ ಮೇಲೆ ಒರಗಿಕೊಂಡಿರಬೇಕು. ಉಪಾಯ ಇಷ್ಟೇ.

ಇಷ್ಟಕ್ಕೆ ಪ್ರತ್ಯೇಕ ಪಾತ್ರೆ ಬೇಕೇ ಎಂದು ಕೇಳುವವರು ಕಾಕರ್ ಸ್ಪ್ಯಾನಿಯೆಲ್ ಒಂದು ಮೊಸರನ್ನ ತಿನ್ನುವುದನ್ನು ಹತ್ತಿರದಿಂದ ನೋಡಿರಲಾರರು. ನಮ್ಮ ಮನೆಯದು ಹೊಂಬಣ್ಣದ ಇಂಗ್ಲಿಷ್ ಕಾಕರ್, ಹೆಣ್ಣು, ಹೆಸರು ಬೆಲ್ಲ. ಅಂಗಡಿಯ ತಕ್ಕಡಿಯಲ್ಲಿ 13 ಕೆ.ಜಿ. ತೂಗುತ್ತಾಳೆ; ಈ ತಳಿಗೆ ಹೇಳಿರುವ ತೂಕ 13ರಿಂದ 14.5 ಕೆ.ಜಿ. ಹಳೆಯ ಬೋಗುಣಿಯಲ್ಲಿ ಊಟ ಇಟ್ಟರೆ ಮೊದಲು ಅನ್ನ ಮುಟ್ಟುತ್ತಿದ್ದುದು ಕಿವಿಯ ತುದಿ, ಅನಂತರ ನಾಲಿಗೆ. ಊಟ ಮುಗಿಯುವ ಹೊತ್ತಿಗೆ ಎರಡು ಕಿವಿಗಳ ಕೆಳಗಿನ ರೇಷ್ಮೆಗೂದಲು ಅನ್ನ ಮೆತ್ತಿಕೊಂಡು ಜೋತಾಡುತ್ತಿತ್ತು, ರಾತ್ರಿಯ ಹೊತ್ತಿಗೆ ಗಂಜಿ ಹಾಕಿದ ಖಾದಿಯಂತೆ ಸೆಟೆದುಕೊಳ್ಳುತ್ತಿತ್ತು. ಅದನ್ನು ತಾನೇ ಕಚ್ಚಿ ಜಗಿದು ಗಂಟು ಮಾಡಿಕೊಳ್ಳುವುದು ಒಂದು ಕಡೆ. ಇನ್ನೊಂದು ಕಡೆ ಇರುವೆ. ಮಲಗಿದ್ದ ನಾಯಿಯ ಕಿವಿಗೆ ಗೋಡೆಯ ಮೂಲೆಯಿಂದ ಸಾಲುಗಟ್ಟಿ ಬಂದ ಕೆಂಪಿರುವೆಗಳನ್ನು ಕಂಡು ನನ್ನ ತಾಯಿ, "ಬೆಲ್ಲ ಎಂದು ಹೆಸರಿಟ್ಟರೆ ಇರುವೆ ಬಾರದೆ ಇರುತ್ತದೆಯೇನೋ?" ಎಂದರು.

ಹೆಂಡತಿ ಮೊದಲು ಎರಡೂ ಕಿವಿಗಳನ್ನು ನೆತ್ತಿಯ ಮೇಲೆ ಸೇರಿಸಿ ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡ್ ಕಟ್ಟಿದಳು. ಪಶುವೈದ್ಯರು ಅದನ್ನು ಖಡಾಖಂಡಿತವಾಗಿ ಬೇಡ ಎಂದರು. ಕೂದಲಿನ ಜೊತೆ ಕಿವಿಯ ಹಾಳೆಯೂ ಬ್ಯಾಂಡಿಗೆ ಸಿಕ್ಕಿ, ಬಿಚ್ಚಲು ಮರೆತುಹೋದರೆ ರಕ್ತ ಓಡಾಡದೆ ಕಿವಿಯೇ ಕೊಳೆಯಬಹುದಂತೆ. ಆಮೇಲೆ ಮಗಳು ಹಳೆಯ ಕಾಲುಚೀಲದ ತುದಿ ಕತ್ತರಿಸಿ ತಲೆಗೆ ತೊಡಿಸಿದಳು. ಇದಕ್ಕೆಂದೇ ಹೊಲಿದ ಬಟ್ಟೆಯ ತೊಡುಗೆಯೂ ಮಾರಾಟಕ್ಕಿದೆ, ಕೆಲವು ನಾಯಿಗಳು ಸುಮ್ಮನೆ ತೊಟ್ಟುಕೊಳ್ಳುತ್ತವೆ. ಬೆಲ್ಲ ಊಟ ಬಿಟ್ಟು ಕಾಲುಚೀಲವನ್ನು ಕಿತ್ತು ತಿನ್ನಲು ನೋಡಿದಳು. ಬಟ್ಟಲು ಬಂದದ್ದು ಆಮೇಲೆ.

ಈ ಕಿವಿ ಇಷ್ಟುದ್ದ ಯಾಕೆ ಎಂಬುದಕ್ಕೂ ಒಂದು ಕಥೆಯಿದೆ. ಇಂಗ್ಲೆಂಡಿನಲ್ಲಿ ಸ್ಪ್ಯಾನಿಯೆಲ್‌ಗಳನ್ನು ಸಾಕುತ್ತಿದ್ದುದು ಪೊದೆಯೊಳಗೆ ನುಗ್ಗಿ ಹಕ್ಕಿಗಳನ್ನು ಎಬ್ಬಿಸಲು. ಒಂದೇ ಸೂಲಿನ ಮರಿಗಳಲ್ಲಿ ದೊಡ್ಡವು ಸ್ಪ್ರಿಂಗರ್ ಎನಿಸಿಕೊಳ್ಳುತ್ತಿದ್ದವು, ವುಡ್‌ಕಾಕ್ ಹಕ್ಕಿಯ ಬೇಟೆಗೆ ಒಗ್ಗುವ ಚಿಕ್ಕವು ಕಾಕರ್ ಎನಿಸಿಕೊಳ್ಳುತ್ತಿದ್ದವು. 1873ರಲ್ಲಿ ಅಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಆ ಶತಮಾನದ ಕೊನೆಯ ದಶಕದಲ್ಲಿ ಕಾಕರ್ ಬೇರೆಯೇ ತಳಿ ಎಂದು ದಾಖಲಾಯಿತು. ಅಲ್ಲಿಂದ ಮುಂದೆ ಪ್ರದರ್ಶನದ ಯುಗ. ಕ್ರಫ್ಟ್ಸ್ ಎಂಬ ಜಗತ್ಪ್ರಸಿದ್ಧ ನಾಯಿ ಪ್ರದರ್ಶನದಲ್ಲಿ ಎಚ್.ಎಸ್. ಲಾಯ್ಡ್ ಎಂಬವರ 'ಆಫ್ ವೇರ್' (ಅವರ ನಾಯಿಗಳ ಹೆಸರಿನ ಕೊನೆಗೆ ಸೇರುತ್ತಿದ್ದ ಮನೆತನದ ಹೆಸರು) ಕಾಕರ್‌ಗಳು 1930ರಿಂದ 1950ರ ನಡುವೆ ಆರು ಸಲ ಸರ್ವಶ್ರೇಷ್ಠ ಪ್ರಶಸ್ತಿ ಗೆದ್ದವು. ಪ್ರದರ್ಶನದ ತಳಿಮಾನದ ಪ್ರಕಾರ ಕಿವಿ ಕಣ್ಣಿನ ಮಟ್ಟದಲ್ಲಿ ಹುಟ್ಟಬೇಕು, ಅದರ ಹಾಳೆ ಮೂಗಿನ ತುದಿಯವರೆಗೆ ಮುಟ್ಟಬೇಕು, ಮೇಲೆ ನೇರವಾದ ರೇಷ್ಮೆಗೂದಲು ತುಂಬಿರಬೇಕು. ಇಂದಿಗೂ ಪೊದೆಯಲ್ಲಿ ದುಡಿಯುವ ಕಾಕರ್‌ಗಳ ವಂಶದಲ್ಲಿ ಕಿವಿ ಗಿಡ್ಡ, ಕೂದಲು ಕಡಿಮೆ. ಅಂದರೆ ಮನುಷ್ಯರು ಮೊದಲು ಕಿವಿ ಉದ್ದ ಮಾಡಿದರು, ಆಮೇಲೆ ಅದಕ್ಕೆ ತಕ್ಕ ಪಾತ್ರೆ ಮಾಡಿ ಮಾರಿದರು. ವ್ಯಾಪಾರಿಯಾಗಿ ನಾನು ಇದನ್ನು ಮೆಚ್ಚಲೇಬೇಕು!

ಈಗ ಪಾತ್ರೆಗೆ ಬರೋಣ. ಪೆಟ್ಟಿಗೆಯ ಮೇಲೆ 304 ಸ್ಟೀಲ್ ಎಂದು ಬರೆದಿದೆ, ಅಂದರೆ ನಿಕ್ಕಲ್ ಹೆಚ್ಚಿರುವ, ಸುಲಭಕ್ಕೆ ತುಕ್ಕು ಹಿಡಿಯದ ದರ್ಜೆ. ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಸಲಿ ಎಂದು ಅನೇಕರು ಹೇಳುತ್ತಾರೆ. ಅದು ಅರ್ಧ ಸತ್ಯ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202 ಸ್ಟೀಲ್ ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಚ್ಚಿನಲ್ಲಿ ಒತ್ತಿ ಬಗ್ಗಿಸಿದ ಕಡೆ ಅಸಲಿ 304 ಕೂಡ ಕೊಂಚ ಅಂಟಬಹುದು. ಆದ್ದರಿಂದ ಪೆಟ್ಟಿಗೆಯ ಮಾತನ್ನು ನಾನು ಪ್ರಮಾಣ ಮಾಡಿ ಒಪ್ಪುವುದಿಲ್ಲ. ಮಳೆಗಾಲ ಪೂರ್ತಿ ಹಿತ್ತಿಲ ಜಗುಲಿಯ ಮೇಲಿದ್ದರೂ ತುಕ್ಕಿನ ಚುಕ್ಕೆ ಬಂದಿಲ್ಲ ಎಂದಷ್ಟೇ ಹೇಳಬಲ್ಲೆ. ತಗಡು ಗಟ್ಟಿಯಾಗಿದೆ. ಅಂಚನ್ನು ಹೊರಕ್ಕೆ ಸುತ್ತಿ ಮುಚ್ಚಿದ್ದಾರೆ, ಬೆರಳಿಗೆ ಎಲ್ಲೂ ತಾಗುವುದಿಲ್ಲ. ಇದು ಮುಖ್ಯ. ಕಿವಿಯ ಹಾಳೆ ದಿನವೂ ಎರಡು ಹೊತ್ತು ಅದೇ ಅಂಚಿನ ಮೇಲೆ ಉಜ್ಜುತ್ತದೆ. ಕಡಿಮೆ ಬೆಲೆಯ ಇನ್ನೊಂದು ಬಟ್ಟಲನ್ನು ಪರಿಚಯದವರ ಮನೆಯಲ್ಲಿ ಮುಟ್ಟಿ ನೋಡಿದೆ. ಅಂಚು ಕತ್ತರಿಸಿ ಹಾಗೇ ಬಿಟ್ಟಂತಿತ್ತು. ಅಂಥದ್ದನ್ನು ನಾನು ಮನುಷ್ಯರಿಗೂ ಮಾರುವುದಿಲ್ಲ.

ಬುಡಕ್ಕೆ ರಬ್ಬರ್ ಬಳೆ ಹಾಕಿದ್ದಾರೆ, ಜಾರದಿರಲಿ ಎಂದು. ಜಾರುವುದಿಲ್ಲ, ಸರಿ. ಆದರೆ ಬಳೆ ಮತ್ತು ತಗಡಿನ ನಡುವೆ ನೀರು ಇಳಿದು ಎರಡೇ ವಾರದಲ್ಲಿ ಕಪ್ಪು ಲೋಳೆ ಕಟ್ಟುತ್ತದೆ, ಮೂಗು ಹತ್ತಿರ ಒಯ್ದರೆ ವಾಸನೆ. ವಾರಕ್ಕೊಮ್ಮೆ ಬಳೆ ಕಿತ್ತು, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ಹಾಕಬೇಕು. ಪೆಟ್ಟಿಗೆಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಬಳೆಯನ್ನು ಅಂಟು ಹಾಕಿ ಕೂರಿಸಿದ ಮಾದರಿಗಳೂ ಇವೆ, ಅವನ್ನು ಕೊಳ್ಳಲೇಬೇಡಿ.

ಇನ್ನು ಊಟ. ಒಣ ಕಾಳಿನಂಥ ಅಂಗಡಿ ಆಹಾರಕ್ಕೆ ಈ ಬಟ್ಟಲು ಹೇಳಿ ಮಾಡಿಸಿದ ಹಾಗಿದೆ. ಒಂದು ಕಾಳೂ ಹೊರಗೆ ಚೆಲ್ಲುವುದಿಲ್ಲ, ಕಿವಿ ಪೂರ್ತಿ ಒಣಗಿರುತ್ತದೆ. ಬೇಯಿಸಿದ ಕೋಳಿಮಾಂಸ ಮತ್ತು ಅನ್ನ ಕಲಸಿ ಹಾಕಿದರೂ ಪರವಾಗಿಲ್ಲ. ಮೂತಿಯ ಮೇಲೆ ಎರಡು ಅಗುಳು ಉಳಿಯಬಹುದು, ಕಿವಿಗೆ ಏನೂ ತಾಗುವುದಿಲ್ಲ. ತೊಂದರೆ ಬರುವುದು ರಾಗಿಗೆ. ಬೆಳಗಿನ ರಾಗಿ ಅಂಬಲಿಯನ್ನು ಬೆಲ್ಲ ಚೊಕ್ಕಟವಾಗಿ ನೆಕ್ಕಿದರೂ ಗೋಡೆ ಮತ್ತು ಬುಡ ಕೂಡುವ ಮೂಲೆಗೆ ಅವಳ ನಾಲಿಗೆ ಎಟುಕುವುದಿಲ್ಲ. ಅಲ್ಲಿ ಒಂದು ಗೆರೆ ಉಳಿದು ಒಣಗುತ್ತದೆ. ಒಣಗಿದ ರಾಗಿ ಎಂದರೇನು ಎಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಬಾಯಿ ಕಿರಿದಾದ್ದರಿಂದ ಕೈ ಒಳಗೆ ಹೋದರೂ ಒಳಗೆ ತಿರುಗುವುದಿಲ್ಲ, ನಾರು ಹಿಡಿದ ಬೆರಳು ಮೂಲೆಗೆ ಒತ್ತು ಕೊಡಲಾಗುವುದಿಲ್ಲ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕ ಮೊದಲ ವಾರವೇ, "ಅಣ್ಣಾ, ಇದನ್ನು ಮಾಡಿದವನು ಒಂದು ದಿನವೂ ಪಾತ್ರೆ ತೊಳೆದವನಲ್ಲ" ಎಂದು ತೀರ್ಪು ಕೊಟ್ಟರು. ಊಟ ಮುಗಿದ ಕೂಡಲೇ ನೀರು ತುಂಬಿಸಿಟ್ಟು, ಆಮೇಲೆ ಬಾಟಲಿ ತೊಳೆಯುವ ಬ್ರಷ್ ಬಳಸುವುದು ಈಗಿನ ಪದ್ಧತಿ. ಮೂಲೆಯನ್ನು ದುಂಡಗೆ ಮಾಡಿದ್ದರೆ ಈ ಪಾಡಿರಲಿಲ್ಲ. ಅಚ್ಚಿನ ಖರ್ಚು ಕೊಂಚ ಹೆಚ್ಚಾಗುತ್ತಿತ್ತು, ಅಷ್ಟೇ.

ನೀರಿಗೂ ಇದೇ ಬಟ್ಟಲು ಬಳಸಿ ನೋಡಿದೆವು. ಕಿವಿ ನೆನೆಯುವುದಿಲ್ಲ, ನೆಲವೂ ಒದ್ದೆಯಾಗುವುದು ಕಡಿಮೆ. ನನ್ನನ್ನು ಕೇಳಿದರೆ ಊಟಕ್ಕಿಂತ ನೀರಿಗೇ ಇದು ಹೆಚ್ಚು ಉಪಯೋಗ. ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ದಿನಕ್ಕೆ ಹಲವು ಸಲ ನೀರಿನಲ್ಲಿ ಅದ್ದಿದ ಕಿವಿಗೂದಲು ಒಣಗುವುದು ಯಾವಾಗ?

ಇಲ್ಲಿಯೇ ಪೆಟ್ಟಿಗೆಯ ಮೇಲಿನ ಇನ್ನೊಂದು ಮಾತಿಗೆ ನನ್ನ ತಕರಾರು. 'ಕಿವಿಯ ಸೋಂಕು ತಡೆಯುತ್ತದೆ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಇದು ವ್ಯಾಪಾರದ ಮಾತು. ಬಟ್ಟಲು ಕಾಪಾಡುವುದು ಕಿವಿಯ ಹೊರಗಿನ ಕೂದಲನ್ನು, ರೋಗ ಬರುವುದು ಕಿವಿಯ ಒಳಗೆ. ನಾಯಿಯ ಕಿವಿಯ ಹಾದಿ ನೇರವಾಗಿ ಒಳಗೆ ಹೋಗುವುದಿಲ್ಲ. ಮೊದಲು ಕೆಳಕ್ಕೆ ಇಳಿದು, ಅಲ್ಲಿಂದ ಒಳಕ್ಕೆ ತಿರುಗುತ್ತದೆ. ಅದರ ಮೇಲೆ ದಪ್ಪನೆಯ ಹಾಳೆ ಮುಚ್ಚಿಕೊಂಡರೆ ಗಾಳಿಯಾಡುವುದಿಲ್ಲ. ಕಾಕರ್‌ಗಳ ಕಿವಿಯಲ್ಲಿ ಗುಗ್ಗೆ ಸ್ರವಿಸುವ ಗ್ರಂಥಿಗಳೂ ಹೆಚ್ಚು. ಬೆಚ್ಚಗೆ, ತೇವ, ಜಿಡ್ಡು. ಮಲಸೀಜಿಯಾ ಎಂಬ ಯೀಸ್ಟ್ ಬೆಳೆಯಲು ಇನ್ನೇನು ಬೇಕು? ಎಷ್ಟೋ ಸಲ ಇದರ ಹಿಂದೆ ಚರ್ಮದ ಅಲರ್ಜಿಯೋ ಆಹಾರದ ಅಲರ್ಜಿಯೋ ಇರುತ್ತದೆ. ಬಟ್ಟಲು ಬದಲಾಯಿಸಿದರೆ ಅಲರ್ಜಿ ಹೋಗುತ್ತದೆಯೇ?

ಬಟ್ಟಲು ಬಳಸಿದ ಈ ಮಳೆಗಾಲದಲ್ಲೂ ಬೆಲ್ಲಳ ಎಡಗಿವಿ ಕೆಟ್ಟಿತು. ತಲೆ ಒದರುವುದು, ಹಿಂಗಾಲಿನಲ್ಲಿ ಕೆರೆದುಕೊಳ್ಳುವುದು, ಹತ್ತಿರ ಬಂದರೆ ಹುಳಿ ಹಿಟ್ಟಿನ ವಾಸನೆ, ಬಟ್ಟೆಯಲ್ಲಿ ಒರೆಸಿದರೆ ಕಂದು ಜಿಡ್ಡು. ತಾಯಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡೋಣ ಎಂದರು. ನಮ್ಮ ಬಾಲ್ಯದ ಕಿವಿನೋವುಗಳೆಲ್ಲ ಅದರಲ್ಲೇ ಕಳೆದವು. ನಾಯಿಗೆ ಅದು ಕೂಡದು. ಒಳಗಿನ ಪರದೆ ತೂತಾಗಿದ್ದರೆ ಎಣ್ಣೆ ಮಾತ್ರವಲ್ಲ, ಕಳೆದ ಸಲ ಉಳಿದ ಔಷಧಿಯೂ ಅಪಾಯ. ವೈದ್ಯರು ದೀಪದ ಕೊಳವೆ ಇಟ್ಟು ಪರದೆ ನೋಡಿದರು, ಜಿಡ್ಡನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಔಷಧಿ ಬರೆದುಕೊಟ್ಟರು. ತಡ ಮಾಡಿದ್ದರೆ ಒದರಿ ಒದರಿ ಹಾಳೆಯೊಳಗಿನ ರಕ್ತನಾಳ ಒಡೆದು, ಕಿವಿ ರಕ್ತ ತುಂಬಿ ಊದಿಕೊಳ್ಳುವ ಸಾಧ್ಯತೆಯೂ ಇತ್ತಂತೆ.

ಕಿವಿಯ ಆರೈಕೆ ಎಂದರೆ ಕೈಯ ಕೆಲಸ. ಸ್ನಾನ ಅಥವಾ ಮಳೆಯ ನಂತರ ವೈದ್ಯರು ಹೇಳಿದ ದ್ರಾವಣ ಬಿಟ್ಟು, ಕಿವಿಯ ಬುಡವನ್ನು ಹೊರಗಿನಿಂದ ನೀವಬೇಕು. ಒಳಗೆ ಪಿಚಪಿಚ ಸದ್ದು ಕೇಳಿಸುತ್ತದೆ. ತಲೆ ಒದರಲು ಬಿಟ್ಟು, ಹತ್ತಿಯಿಂದ ಕಾಣುವಷ್ಟು ಮಾತ್ರ ಒರೆಸಬೇಕು. ಹತ್ತಿ ಸುತ್ತಿದ ಕಡ್ಡಿ ಹಾಕಿದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ಹಾಳೆಯ ಒಳಬದಿಯ ಕೂದಲನ್ನು ಗಿಡ್ಡವಾಗಿ ಕತ್ತರಿಸಿಟ್ಟರೆ ಗಾಳಿಯಾಡುತ್ತದೆ. ಸಂಜೆ ಹೊರಗೆ ಹೋಗಿ ಬಂದ ಮೇಲೆ ಸ್ಟೀಲ್ ಬಾಚಣಿಗೆಯಿಂದ ಕಿವಿಗೂದಲು ಬಾಚುವಾಗ ಮಳೆಗಾಲ ಮುಗಿದ ದಿನಗಳಲ್ಲಿ ಉತ್ತರಾಣಿ ಕಾಳು ಹಿಡಿಗಟ್ಟಲೆ ಸಿಗುತ್ತದೆ, ಬೇಸಿಗೆಯಲ್ಲಿ ಉಣುಗು. ಮಂಗನ ಕಾಯಿಲೆಯ ಜಿಲ್ಲೆಯವರಾದ ನಮಗೆ ಉಣುಗಿನ ಭಯವನ್ನು ಯಾರೂ ಹೇಳಿಕೊಡಬೇಕಿಲ್ಲ. ನಾಯಿಗಳಿಗೆ ಅದರಿಂದ ಬೇರೆಯೇ ಜ್ವರ ಬರುತ್ತದೆ, ರಕ್ತ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಈ ಯಾವ ಕೆಲಸವನ್ನೂ ₹650ರ ಬಟ್ಟಲು ಕಡಿಮೆ ಮಾಡುವುದಿಲ್ಲ. ಬಾಚುವ ಹೊತ್ತಿಗೆ ಕೂದಲಿನಲ್ಲಿ ಅನ್ನದ ಗಂಟು ಇರುವುದಿಲ್ಲ, ಬಾಚಣಿಗೆ ಸಲೀಸಾಗಿ ಇಳಿಯುತ್ತದೆ. ಅದು ಸಣ್ಣ ಲಾಭವಲ್ಲ. ಗಂಟು ಎಳೆಸಿಕೊಂಡು ನೊಂದ ನಾಯಿ ಆಮೇಲೆ ಕಿವಿ ಮುಟ್ಟಲೂ ಬಿಡುವುದಿಲ್ಲ, ಔಷಧಿ ಹಾಕುವುದಂತೂ ದೂರದ ಮಾತು.

ಸ್ವಭಾವದ ಬಗ್ಗೆಯೂ ಹೇಳಬೇಕು, ಅದಕ್ಕೂ ಬಟ್ಟಲಿಗೂ ಸಂಬಂಧವಿದೆ. ಕಾಕರ್ ಎಂದರೆ ಸದಾ ಹಿಗ್ಗು. ಬಾಲ ಅಲ್ಲಾಡಿದರೆ ಸೊಂಟದಿಂದ ಹಿಂದಿನ ಮೈ ಪೂರ್ತಿ ಅಲ್ಲಾಡುತ್ತದೆ. ಬೇಟೆಗಾರ ಹೊಡೆದ ಹಕ್ಕಿಯನ್ನು ಗಾಯ ಮಾಡದೆ ತಂದುಕೊಡುವ ತಳಿ ಇದು. ನಾನು ದುರಸ್ತಿಗೆಂದು ಮನೆಗೆ ತಂದ ಮೆತ್ತನೆಯ ಅಲ್ಯೂಮಿನಿಯಂ ಮುಚ್ಚಳವನ್ನು ಬೆಲ್ಲ ಕಚ್ಚಿಕೊಂಡು ಮನೆಯೆಲ್ಲ ಸುತ್ತಿ ನನ್ನ ಕಾಲ ಬಳಿ ಇಟ್ಟಾಗ ಅದರ ಮೇಲೆ ಹಲ್ಲಿನ ಒಂದು ಗುರುತೂ ಇರಲಿಲ್ಲ. ದನಿ ಏರಿಸಿದರೆ ಸಾಕು, ಮಂಚದ ಕೆಳಗೆ ಹೋಗಿ ಮಧ್ಯಾಹ್ನದವರೆಗೆ ಮುಖ ತೋರಿಸುವುದಿಲ್ಲ. ಮೂಗಿಗೆ ಕೆಲಸ ಕೊಡದಿದ್ದರೆ ಮಲ್ಲಿಗೆ ಕುಂಡಗಳಿಗೆ ಉಳಿಗಾಲವಿಲ್ಲ. ಇಷ್ಟೆಲ್ಲ ಮೃದುವಾದ ಪ್ರಾಣಿ ಊಟದ ಮುಂದೆ ಮಾತ್ರ ಬೇರೆ. ತಿನ್ನುವಾಗ ಯಾರಾದರೂ ಹತ್ತಿರ ಬಂದರೆ ಗುರುಗುಟ್ಟುವ ಕಾಕರ್‌ಗಳು ಬೇಕಾದಷ್ಟಿವೆ.

ಕಿರಿಬಾಯಿಯ ಬಟ್ಟಲು ಇದನ್ನು ಕೊಂಚ ಹೆಚ್ಚಿಸಬಹುದು ಎಂಬುದು ನಾನು ಕಂಡದ್ದು. ಅಗಲದ ಬೋಗುಣಿಯಲ್ಲಿ ತಿನ್ನುವಾಗ ಬೆಲ್ಲ ಆಗಾಗ ಕಣ್ಣೆತ್ತಿ ಸುತ್ತ ನೋಡುತ್ತಿದ್ದಳು. ಇದರಲ್ಲಿ ಮೂತಿ ಕಣ್ಣಿನವರೆಗೆ ಮುಳುಗುತ್ತದೆ, ಪಕ್ಕಕ್ಕೆ ಬಂದವರು ಕಾಣುವುದಿಲ್ಲ. ನೆಂಟರ ಮನೆಯ ಮಗು ಬೆನ್ನು ಸವರಿದಾಗ ಬೆಚ್ಚಿ ತಿರುಗಿದಳು; ಕಚ್ಚಲಿಲ್ಲ, ನಮ್ಮ ಎದೆ ಮಾತ್ರ ಹೊಡೆದುಕೊಂಡಿತು. ಈಗ ಬಟ್ಟಲನ್ನು ಗೋಡೆಯ ಪಕ್ಕ ಬಿಟ್ಟು ಜಗುಲಿಯ ನಡುವೆ ಇಡುತ್ತೇವೆ, ಅವಳ ಮುಖ ಬಾಗಿಲಿನ ಕಡೆಗಿರುವಂತೆ. ಬಟ್ಟಲನ್ನು ಕಿತ್ತುಕೊಂಡು ಯಜಮಾನಿಕೆ ತೋರಿಸಿ ಎಂಬ ಹಳೆಯ ಸಲಹೆಯನ್ನು ಯಾರೂ ಕೇಳಬೇಡಿ. ಹತ್ತಿರ ಹೋಗಿ ಒಂದು ತುಂಡು ಕೋಳಿಮಾಂಸ ಹಾಕಿ ಬನ್ನಿ. ಮನುಷ್ಯ ಬಂದರೆ ಊಟ ಹೋಗುವುದಿಲ್ಲ, ಹೆಚ್ಚಾಗುತ್ತದೆ ಎಂದು ನಾಯಿಗೆ ಅರ್ಥವಾಗಲಿ.

ಇನ್ನೊಂದು ಎಚ್ಚರಿಕೆ ಅಳತೆಯದು. ಹೊರಗಿನಿಂದ ಪುಟ್ಟದಾಗಿ ಕಂಡರೂ ಬುಡ ಅಗಲವಾದ್ದರಿಂದ ಒಳಗೆ ಬೇಕಾದಷ್ಟು ಹಿಡಿಯುತ್ತದೆ. ಅರ್ಧ ತುಂಬಿದಂತೆ ಕಂಡರೆ ನಿಜಕ್ಕೂ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ಕಾಕರ್ ಹೊಟ್ಟೆಬಾಕ ತಳಿ, ಬೇಗ ಕೊಬ್ಬುತ್ತದೆ. ಕಣ್ಣಳತೆಯಲ್ಲಿ ಹಾಕಿದರೆ ಆರು ತಿಂಗಳಲ್ಲಿ ಸೊಂಟ ಮಾಯ. ನಾವು ಹಳೆಯ ಹಿತ್ತಾಳೆ ಪಾವಿನಲ್ಲಿ ಅಳೆದು ಹಾಕುತ್ತೇವೆ.

ಯಾರಿಗೆ ಇದು ಬೇಡ? ಕಾಕರ್ ಮರಿಗೆ ಬೇಡ, ಮೂತಿ ಬುಡ ಮುಟ್ಟದೆ ಮುಂಗಾಲು ಒಳಗಿಡುತ್ತದೆ. ಮೂತಿ ಗಿಡ್ಡವಿರುವ ಅಮೆರಿಕನ್ ಕಾಕರ್‌ಗೆ ಇಷ್ಟು ಆಳ ಕಷ್ಟ, ಮುಖ ಇನ್ನೂ ಚಪ್ಪಟೆಯಾದ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್‌ಗೆ ಆಗದ ಮಾತು. ಬೀಗಲ್ ಸಾಕಿದವರು ದುಡ್ಡು ಉಳಿಸಿ. ಅದರ ಕಿವಿ ಇಳಿಬಿದ್ದಿದ್ದರೂ ಗಿಡ್ಡ ಕೂದಲು, ಒಮ್ಮೆ ಒರೆಸಿದರೆ ಆಯಿತು.

ನನ್ನ ಅಂಕ ಐದಕ್ಕೆ ಮೂರೂವರೆ. ಒಂದು ಕಳೆದದ್ದು ತೊಳೆಯಲಾಗದ ಮೂಲೆಗೆ, ಅರ್ಧ ಕಳೆದದ್ದು ಪೆಟ್ಟಿಗೆಯ ಮೇಲಿನ ಸೋಂಕಿನ ಮಾತಿಗೆ. ಈಚೆಗೆ ನಾನೂ ಅಂಗಡಿಯಲ್ಲಿ ಒಂದಿಷ್ಟು ಇಟ್ಟಿದ್ದೇನೆ, ಮೂಲೆ ದುಂಡಗಿರುವ ಬೇರೆ ಮಾದರಿ. ಕೊಳ್ಳಲು ಬಂದವರಿಗೆ ಮೊದಲು ಮನೆಗೆ ಹೋಗಿ ನಾಯಿಯ ಮೂತಿ ಅಳೆದುಕೊಂಡು ಬನ್ನಿ ಎನ್ನುತ್ತೇನೆ. ಎರಡು ಕಣ್ಣುಗಳ ನಡುವಿನಿಂದ ಮೂಗಿನ ತುದಿಗೆ ಒಂದು ಅಳತೆ, ಕೆನ್ನೆಯಿಂದ ಕೆನ್ನೆಗೆ ಇನ್ನೊಂದು. ಬಟ್ಟಲಿನ ಆಳ ಮೊದಲನೆಯದಕ್ಕಿಂತ ತುಂಬ ಹೆಚ್ಚಿರಬಾರದು, ಬಾಯಿ ಎರಡನೆಯದಕ್ಕಿಂತ ಎರಡು ಬೆರಳು ಅಗಲವಿದ್ದರೆ ಸಾಕು. ಅಳೆಯುವಾಗ ಟೇಪನ್ನು ಬೆಲ್ಲ ಕಚ್ಚಿಕೊಂಡು ಓಡಿದ್ದಳು, ನೀವು ಹಳೆಯದನ್ನೇ ಬಳಸಿ.